ನೂರು ಗಾಳಕ್ಕೆ ಎಷ್ಟು ಮೀನು?

ಪ್ರಶ್ನೆ: ಸರ್, ನಮ್ಮದು ಗಂಗೊಳ್ಳಿ. ಮನೆಯಲ್ಲಿ ಒಂದು ಆಳಸಮುದ್ರ ಟ್ರಾಲ್ ಬೋಟ್ ಇದೆ, ಅದರ ಮೇಲೆ ಸಾಲವೂ ಇದೆ. ಈಚೆಗೆ ಎಲ್ಲಿ ಹೋದರೂ ಟ್ಯೂನಾ ಮಾತು. 200 ಮೈಲಿಯೊಳಗೆ 2 ಲಕ್ಷ ಟನ್ ಟ್ಯೂನಾ ಸುಮ್ನೆ ಬಿದ್ದಿದೆ, ಬೋಟ್ ಬದಲಾಯಿಸಿ ಲಾಂಗ್‌ಲೈನ್ ಹಾಕಿದರೆ ಸಬ್ಸಿಡಿ ಸಿಗುತ್ತದೆ ಎಂದು ಸಭೆಯೊಂದರಲ್ಲಿ ಹೇಳಿದರು. ನಿಜವಾಗಿ ಅಷ್ಟು ಮೀನು ಇದೆಯಾ? ಇದ್ದರೆ ಇಷ್ಟು ವರ್ಷ ನಾವು ಯಾಕೆ ಹಿಡಿಯಲಿಲ್ಲ? ಎಷ್ಟು ಹಿಡಿಯಬಹುದು ಎಂದು ತೀರ್ಮಾನ ಮಾಡುವವರು ಯಾರು? ಅಪ್ಪ ಬೇಡ ಅಂತಾರೆ, ನನಗೆ ಒಂದು ಕೈ ನೋಡೋಣ ಅನಿಸುತ್ತದೆ.

ಉತ್ತರ: ಮೊದಲು ಆ 2 ಲಕ್ಷ ಟನ್ ವಿಷಯ ನೋಡೋಣ. ಸಭೆಯಲ್ಲಿ ಹೇಳಿದ್ದು ಸುಳ್ಳಲ್ಲ. ನಮ್ಮ ವಿಶೇಷ ಆರ್ಥಿಕ ವಲಯದಲ್ಲಿ, ಅಂದರೆ ದಡದಿಂದ 200 ನಾಟಿಕಲ್ ಮೈಲಿಯೊಳಗಿನ ನೀರಿನಲ್ಲಿ, ದೂರಸಮುದ್ರದ ಮೀನನ್ನು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹಿಡಿಯಬಹುದು ಎಂದು ಕೇಂದ್ರದ ತಜ್ಞ ಸಮಿತಿಗಳು ಅಂದಾಜು ಮಾಡಿವೆ. ಅದರಲ್ಲಿ ದೊಡ್ಡ ಪಾಲು ಟ್ಯೂನಾ. ಆದರೆ ಈ ಅಂಕಿಯನ್ನು ಬ್ಯಾಂಕಿನ ಠೇವಣಿಯ ಹಾಗೆ ಓದಬೇಡಿ. ಆ ವಲಯ 20 ಲಕ್ಷ ಚದರ ಕಿಲೋಮೀಟರಿಗಿಂತ ದೊಡ್ಡದು. ಭಾಗಿಸಿ ನೋಡಿ: ಒಂದು ಚದರ ಕಿಲೋಮೀಟರಿಗೆ ಇಡೀ ವರ್ಷಕ್ಕೆ ಬರುವುದು ಹೆಚ್ಚೆಂದರೆ 100 ಕಿಲೋ. ಮೂರು ನಾಲ್ಕು ದೊಡ್ಡ ಮೀನು, ಅಷ್ಟೇ. ಅದರಲ್ಲಿ ಅಂಡಮಾನ್ ಸುತ್ತಲಿನ ನೀರೂ ಸೇರಿದೆ. ಗಂಗೊಳ್ಳಿಯ ಬೋಟಿಗೆ ಅದು ಲೆಕ್ಕಕ್ಕಿಲ್ಲ.

ಮೀನು ಹೀಗೆ ಸಮನಾಗಿ ಹರಡಿಕೊಂಡಿರುವುದಿಲ್ಲ, ನಿಜ. ಒಂದು ಕಡೆ ಹಿಂಡಾಗಿ ಇರುತ್ತದೆ, ನೂರು ಮೈಲಿ ಏನೂ ಇರುವುದಿಲ್ಲ. ಆ ಒಂದು ಕಡೆ ಎಲ್ಲಿ ಎಂದು ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ನಾನು ಸರ್ವೆ ಹಡಗುಗಳಲ್ಲಿ ಬಹಳ ವರ್ಷ ಇದನ್ನೇ ಮಾಡಿದವನು. ಹಾಗಾಗಿ ನಿಮ್ಮ ಪ್ರಶ್ನೆಗೆ ಟನ್ ಲೆಕ್ಕದಲ್ಲಿ ಉತ್ತರಿಸುವುದಿಲ್ಲ, ಗಾಳದ ಲೆಕ್ಕದಲ್ಲಿ ಉತ್ತರಿಸುತ್ತೇನೆ.

ಅದಕ್ಕೂ ಮುಂಚೆ ಹೆಸರಿನ ಗೊಂದಲ ಒಂದು ಇದೆ. ನಮ್ಮ ಬಂದರುಗಳಲ್ಲಿ ಕೇದರ ಎಂದು ಹರಾಜಾಗುವ ಮೀನು ಹೆಚ್ಚಾಗಿ ದಡದ ಹತ್ತಿರದ ಸಣ್ಣ ಟ್ಯೂನಾ ಜಾತಿಗಳು. ಒಂದು ಕಿಲೋ, ಎರಡು ಕಿಲೋ, ಜಾಸ್ತಿ ಎಂದರೆ ಐದಾರು ಕಿಲೋ. ಪರ್ಸೀನ್‌ಗೆ (ಹಿಂಡನ್ನು ಸುತ್ತುವರಿದು ಹಿಡಿಯುವ ಬಲೆ) ಬರುತ್ತದೆ, ಬೇರೆ ಬಲೆಗೂ ಬರುತ್ತದೆ. ಸಭೆಯಲ್ಲಿ ಹೇಳಿದ್ದು ಇದರ ಬಗ್ಗೆ ಅಲ್ಲ. ಅವರು ಹೇಳಿದ್ದು ಮುಖ್ಯವಾಗಿ ಹಳದಿ ರೆಕ್ಕೆಯ ಟ್ಯೂನಾ, ಅಂದರೆ ಯೆಲ್ಲೋಫಿನ್, ಮತ್ತೆ ಸ್ಕಿಪ್‌ಜಾಕ್. ಯೆಲ್ಲೋಫಿನ್ ಒಂದೇ ಮೀನು ಮೂವತ್ತು, ನಲವತ್ತು ಕಿಲೋ ತೂಗುವುದು ಮಾಮೂಲು, ನೂರು ಕಿಲೋ ದಾಟುವುದೂ ಉಂಟು. ಇವೆರಡೂ ದಡ ಬಿಟ್ಟು, ಇನ್ನೂರು ಮೀಟರ್ ಆಳದ ಅಂಚು ದಾಟಿದ ಮೇಲಿನ ನೀಲಿ ನೀರಿನ ಮೀನು. ನಿಮ್ಮ ಬೋಟು ನಡೆಸುವ ತಾಂಡೇಲರಿಗೆ ಆ ಅಂಚು ಗೊತ್ತು. ಆದರೆ ಅವರು ಅಲ್ಲಿಗೆ ಹೋದದ್ದು ಟ್ರಾಲ್ ಬಲೆಯಲ್ಲಿ ಸಮುದ್ರದ ನೆಲ ಗುಡಿಸಿ ಮದ್ಮಲ್, ಬೊಂಡಾಸ್ (ಸ್ಕ್ವಿಡ್), ಪಾಂಬೋಲ್ ತರಲಿಕ್ಕೆ. ಬೋಟಿನ ಕೆಳಗೆ ಎಂಬತ್ತು ಮೀಟರ್ ನೀರಿನಲ್ಲಿ ಏನು ಹಾದುಹೋಯಿತು ಎಂದು ಟ್ರಾಲ್ ಬಲೆ ಹೇಳುವುದಿಲ್ಲ.

ಹಾಗಾದರೆ ಮೀನು ಇದೆ ಎಂದು ಹೇಗೆ ಗೊತ್ತಾಯಿತು? ಮೊದಲು ಗೊತ್ತುಮಾಡಿಕೊಂಡವರು ಜಪಾನಿನವರು. 1952ರಲ್ಲೇ ಅವರ ಲಾಂಗ್‌ಲೈನ್ ಹಡಗುಗಳು ಹಿಂದೂ ಮಹಾಸಾಗರಕ್ಕೆ ಬಂದವು. ಆಮೇಲೆ ತೈವಾನ್, ಕೊರಿಯಾ. ಆಗ 200 ಮೈಲಿ ಎಂಬ ಗೆರೆಯೇ ಇರಲಿಲ್ಲ. ನಮ್ಮ ಕಾನೂನು ಬಂದದ್ದು 1976ರಲ್ಲಿ. ನಮ್ಮ ಕಡೆ 1946ರಲ್ಲಿ ಮುಂಬೈಯಲ್ಲಿ ಸಣ್ಣದಾಗಿ ಶುರುವಾದ ಆಳಸಮುದ್ರ ಮೀನುಗಾರಿಕೆ ಕೇಂದ್ರವೇ ಬೆಳೆದು 1983ರಲ್ಲಿ ಫಿಶರಿ ಸರ್ವೆ ಆಫ್ ಇಂಡಿಯಾ ಆಯಿತು. ಅದೇ ಹೊತ್ತಿಗೆ ಮತ್ಸ್ಯ ಸುಗಂಧಿ ಎಂಬ ಲಾಂಗ್‌ಲೈನ್ ಹಡಗು ಟ್ಯೂನಾ ಸರ್ವೆಗೆ ಇಳಿಯಿತು. ಇವತ್ತು ನೀವು ಕೇಳುವ ಅಂದಾಜುಗಳ ಬುಡದಲ್ಲಿ ಇಂಥ ಹಡಗುಗಳು ನಲವತ್ತು ವರ್ಷ ಬರೆದಿಟ್ಟ ಪುಸ್ತಕಗಳೂ ಇವೆ.

ಸರ್ವೆ ಹಡಗು ಮೀನು ಹಿಡಿಯುವ ರೀತಿ ನಿಮಗೆ ವಿಚಿತ್ರ ಅನಿಸಬಹುದು. ಮೀನು ಇರುವ ಕಡೆ ಹೋಗುವುದಿಲ್ಲ. ನಕ್ಷೆಯ ಮೇಲೆ ಚೌಕ ಹಾಕಿರುತ್ತಾರೆ, ಈ ತಿಂಗಳು ಈ ಚೌಕ ಎಂದರೆ ಅಲ್ಲಿಗೇ ಹೋಗಬೇಕು. ಪಕ್ಕದ ಚೌಕದಲ್ಲಿ ಹಕ್ಕಿ ಮುಗಿಬಿದ್ದು ನೀರು ಕುದಿಯುತ್ತಿದ್ದರೂ ನಾವು ನಮ್ಮ ಖಾಲಿ ಚೌಕದಲ್ಲೇ ಗಾಳ ಬಿಡಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಇದು ನುಂಗಲಾರದ ತುತ್ತು. 'ಸರ್, ಮೀನು ಅಲ್ಲಿದೆ, ನಾವು ಇಲ್ಲೇನು ಮಾಡ್ತಿದ್ದೇವೆ?' ಎಂದು ಕೇಳದವರೇ ಇಲ್ಲ. ಮೀನು ಇಲ್ಲದ ಜಾಗ ಯಾವುದು ಎಂದು ಗೊತ್ತಾಗದಿದ್ದರೆ ಮೀನು ಇರುವ ಜಾಗದ ಲೆಕ್ಕಕ್ಕೂ ಅರ್ಥವಿಲ್ಲ, ಅದಕ್ಕೆ.

ಲಾಂಗ್‌ಲೈನ್ ಎಂದರೆ ಹೀಗೆ. ಕಿಲೋಮೀಟರುಗಟ್ಟಲೆ ಒಂದು ಮುಖ್ಯ ದಾರ, ಈಗ ನೈಲಾನ್ ಮೊನೊಫಿಲಮೆಂಟ್. ಅದಕ್ಕೆ ಅಲ್ಲಲ್ಲಿ ಬುರುಡೆ ಕಟ್ಟಿ ತೇಲಿಸುತ್ತಾರೆ. ಎರಡು ಬುರುಡೆಗಳ ನಡುವೆ ದಾರ ಹಗ್ಗದ ಜೋಕಾಲಿಯ ಹಾಗೆ ಕೆಳಗೆ ಬಾಗಿ ನಿಲ್ಲುತ್ತದೆ. ಆ ಬಾಗಿನಿಂದ ಕವಲು ದಾರಗಳು ಇಳಿಬಿದ್ದಿರುತ್ತವೆ, ಒಂದೊಂದರ ತುದಿಗೂ ಒಂದು ಗಾಳ. ದೊಡ್ಡ ವಿದೇಶಿ ಹಡಗು ಒಂದು ಸಲಕ್ಕೆ ಎರಡೂವರೆ ಮೂರು ಸಾವಿರ ಗಾಳ ಬಿಡುತ್ತದೆ. ನಿಮ್ಮ ಅಳತೆಯ ಬೋಟು ಐನೂರು ಬಿಟ್ಟರೆ ಹೆಚ್ಚು. ಗಾಳಕ್ಕೆ ಸಿಕ್ಕಿಸುವುದು ಏನು ಗೊತ್ತಾ? ಬೊಂಡಾಸ್, ಬೂತಾಯಿ, ಬಂಗುಡೆ. ಒಳ್ಳೇ ಬಂಗುಡೆಯನ್ನು ಇಡಿಯಾಗಿ ಗಾಳಕ್ಕೆ ಚುಚ್ಚುವುದನ್ನು ನೋಡಿದಾಗ ಕರಾವಳಿಯವನಾದ ನನಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಬಂಗುಡೆ ದರ ಏರಿದ ವರ್ಷ ಟ್ಯೂನಾ ಬೋಟಿನ ಲೆಕ್ಕವೂ ಕೆಡುತ್ತದೆ. ಸಬ್ಸಿಡಿ ಸಭೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ನಾಲ್ಕೈದು ಗಂಟೆ ನೀರಿನಲ್ಲಿ ಬಿಟ್ಟು ದಾರ ಎಳೆಯುತ್ತಾರೆ. ನೂರು ಗಾಳಕ್ಕೆ ಎಷ್ಟು ಮೀನು ಬಂತು ಎಂಬುದೇ ನಮ್ಮ ಅಳತೆ. ಒಂದು ಬಂದರೆ ಪರವಾಗಿಲ್ಲ. ಎರಡು ಬಂದರೆ ಹಡಗಿನ ಅಡುಗೆಯವನೂ ನಗುತ್ತಾನೆ. ಎಷ್ಟೋ ದಿನ ಐನೂರು ಗಾಳ ಎಳೆದು ಒಂದು ಮರ್ಲಿನ್, ಒಂದು ತಾಟೆ (ಶಾರ್ಕ್), ಉಳಿದದ್ದೆಲ್ಲ ನೀರಲ್ಲಿ ನೆನೆದು ಬೆಳ್ಳಗಾದ ಬಂಗುಡೆ.

ಇನ್ನು ನಮ್ಮ ಅರಬ್ಬಿ ಸಮುದ್ರಕ್ಕೆ ಒಂದು ವಿಶೇಷ ಇದೆ. ಮೇಲಿನ ನೀರು ಚೆನ್ನಾಗಿದೆ, ಆದರೆ ಸುಮಾರು ನೂರೈವತ್ತು ಮೀಟರಿನಿಂದ ಕೆಳಗೆ ಬಹಳ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಟ್ಯೂನಾ ನಿಂತಲ್ಲಿ ಉಸಿರಾಡಲಾರದ ಮೀನು. ಬಾಯಿ ತೆರೆದು ಈಜುತ್ತಲೇ ಇರಬೇಕು, ಈಜಿದರೆ ಮಾತ್ರ ಕಿವಿರಿಗೆ ನೀರು. ರಕ್ತವನ್ನು ಸುತ್ತಲಿನ ನೀರಿಗಿಂತ ಬಿಸಿಯಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಬೇಕಾಗುವ ಆಮ್ಲಜನಕವೂ ಜಾಸ್ತಿ. ಹಾಗಾಗಿ ಉಸಿರುಗಟ್ಟುವ ಆ ಪದರಕ್ಕೆ ಯೆಲ್ಲೋಫಿನ್ ಹೆಚ್ಚು ಹೊತ್ತು ಇಳಿಯುವುದಿಲ್ಲ, ಮೇಲಿನ ನೂರು ಮೀಟರ್ ಆಸುಪಾಸಿನಲ್ಲೇ ಸುತ್ತುತ್ತದೆ. ಇದು ಮೀನುಗಾರನಿಗೆ ಅನುಕೂಲ: ಆಳಕ್ಕೆ ಗಾಳ ಇಳಿಸುವ ದೊಡ್ಡ ಯಂತ್ರ ಬೇಡ. ಆದರೆ ಇದೇ ಕಾರಣಕ್ಕೆ ಮೀನು ನಿಜವಾಗಿ ಇರುವುದಕ್ಕಿಂತ ಜಾಸ್ತಿ ಇದ್ದಂತೆ ಕಾಣುತ್ತದೆ. ಹತ್ತು ಕೋಣೆಯ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕೂತರೆ ಮನೆ ತುಂಬಾ ಜನ ಅನಿಸುವುದಿಲ್ಲವಾ, ಹಾಗೆ. ಗಾಳದ ಲೆಕ್ಕ ಚೆನ್ನಾಗಿದೆ ಎಂದು ಸಂಪತ್ತು ಅಪಾರ ಎಂದುಕೊಂಡರೆ ತಪ್ಪು ಮಾಡುತ್ತೇವೆ.

ಈಗ ನಿಮ್ಮ ಬೋಟಿನ ಲೆಕ್ಕ. ಸುಮ್ನೆ ಉದಾಹರಣೆಗೆ ಹೇಳುತ್ತೇನೆ, ಅಂಕಿ ನೀವು ಬದಲಾಯಿಸಿಕೊಳ್ಳಿ. ಹತ್ತು ದಿನದ ಟ್ರಿಪ್. ಹೋಗಲು ಎರಡು ದಿನ, ಬರಲು ಎರಡು ದಿನ. ಉಳಿದ ಆರು ದಿನ ದಿನಕ್ಕೆ ಐನೂರು ಗಾಳ. ನೂರಕ್ಕೆ ಒಂದರಂತೆ ದಿನಕ್ಕೆ ಐದು ಮೀನು. ಒಂದೊಂದು ಮೂವತ್ತು ಕಿಲೋ ಎಂದರೆ ದಿನಕ್ಕೆ 150 ಕಿಲೋ, ಟ್ರಿಪ್‌ಗೆ 900 ಕಿಲೋ. ಟ್ರಾಲ್‌ನಲ್ಲಿ ಟನ್‌ಗಟ್ಟಲೆ ತಂದು ಅಭ್ಯಾಸ ಇರುವ ನಿಮಗೆ ಇದು ನಗೆಪಾಟಲು. ಕಿಲೋಗೆ 120 ರೂಪಾಯಿ ಸಿಕ್ಕರೆ 1 ಲಕ್ಷ 8 ಸಾವಿರ. ನಿಮ್ಮ ಹತ್ತು ದಿನದ ಡೀಸೆಲ್ ಎಷ್ಟು ಎಂದು ನಿಮಗೇ ಗೊತ್ತು, ಅದಕ್ಕೇ ಸಾಲದು. ಅದೇ 900 ಕಿಲೋಗೆ 300 ರೂಪಾಯಿ ಸಿಕ್ಕರೆ 2 ಲಕ್ಷ 70 ಸಾವಿರ. ಮೀನು ಅದೇ, ಸಮುದ್ರ ಅದೇ, ಡೀಸೆಲ್ ಅದೇ. ಬದಲಾದದ್ದು ಮೀನು ಬೋಟಿಗೆ ಬಂದ ಮೇಲಿನ ಮೊದಲ ಅರ್ಧ ಗಂಟೆ.

ಈ ಅರ್ಧ ಗಂಟೆ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಸೋಲುವುದು ಇಲ್ಲೇ. ಟ್ಯೂನಾ ಗಾಳಕ್ಕೆ ಬಿದ್ದು ಒದ್ದಾಡಿದಷ್ಟೂ ಅದರ ಮೈ ಇನ್ನೂ ಬಿಸಿಯಾಗುತ್ತದೆ. ಕೆಂಪಗೆ, ಹೊಳೆಯುವ ಹಾಗೆ ಇರಬೇಕಾದ ಮಾಂಸ ಬೆಂದ ಹಾಗೆ ಮಂಕಾಗುತ್ತದೆ. ಜಪಾನಿನ ವ್ಯಾಪಾರಿ ಬಾಲದ ಬಳಿ ಚೂರು ಕತ್ತರಿಸಿ ಬಣ್ಣ ನೋಡಿಯೇ ದರ ಇಳಿಸಿಬಿಡುತ್ತಾನೆ. ಆದ್ದರಿಂದ ಮೀನನ್ನು ಮೆತ್ತನೆಯ ಚಾಪೆಯ ಮೇಲೆ ಎಳೆದುಕೊಳ್ಳಬೇಕು, ತಲೆಗೆ ಚೂಪಾದ ಸರಳು ಚುಚ್ಚಿ ಮಿದುಳು ಒಮ್ಮೆಗೇ ನಿಲ್ಲಿಸಬೇಕು, ಪಕ್ಕದ ರೆಕ್ಕೆಯ ಹಿಂದೆ ಕೊಯ್ದು ರಕ್ತ ಬಸಿಯಬೇಕು, ಕಿವಿರು ಕರುಳು ತೆಗೆದು ತೊಳೆಯಬೇಕು. ಆಮೇಲೆ ಐಸ್ ಮತ್ತು ಸಮುದ್ರದ ನೀರು ಕಲಸಿದ ಗಂಜಿಯಂಥ ತಣ್ಣೀರಿನಲ್ಲಿ ಮುಳುಗಿಸಬೇಕು. ಬಂಗುಡೆಯ ಮೇಲೆ ಐಸ್ ಸುರಿದ ಹಾಗೆ ಸುರಿದರೆ ನಡೆಯುವುದಿಲ್ಲ. ನಲವತ್ತು ಕಿಲೋ ಮೀನಿನ ಹೊರಗೆ ಮಂಜು ಕಟ್ಟಿದ್ದರೂ ಒಳಗೆ ಬೆನ್ನುಮೂಳೆಯ ಹತ್ತಿರ ಗಂಟೆಗಟ್ಟಲೆ ಬಿಸಿ ಉಳಿದಿರುತ್ತದೆ.

ಒಮ್ಮೆ ಒಂದು ಖಾಸಗಿ ಬೋಟಿನವರು ಮೊದಲ ಟ್ರಿಪ್‌ನಲ್ಲೇ ಒಳ್ಳೇ ಮೀನು ತಂದು ನನ್ನನ್ನು ಕರೆದರು. ನೋಡಲು ಚೆಂದವಾದ ಹದಿನೇಳು ಯೆಲ್ಲೋಫಿನ್. ಹೊಟ್ಟೆ ತೆಗೆದಿರಲಿಲ್ಲ, ರಕ್ತ ಬಸಿದಿರಲಿಲ್ಲ, ಟ್ರಾಲ್ ಮೀನಿನ ಹಾಗೆ ಐಸಿನ ನಡುವೆ ಪೇರಿಸಿದ್ದರು. ರಫ್ತಿನವರ ಲ್ಯಾಬ್‌ನಲ್ಲಿ ಹಿಸ್ಟಮಿನ್ ಜಾಸ್ತಿ ಬಂತು. ಹಿಸ್ಟಮಿನ್ ಎಂದರೆ ಟ್ಯೂನಾ, ಬಂಗುಡೆಯಂಥ ಮೀನು ತಣ್ಣಗಿಲ್ಲದಿದ್ದಾಗ ಬ್ಯಾಕ್ಟೀರಿಯಾ ಹುಟ್ಟಿಸುವ ವಿಷ. ಬೇಯಿಸಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ ಮೈಯೆಲ್ಲ ತುರಿಸುತ್ತದೆ, ಮೀನಿನ ಅಲರ್ಜಿ ಎಂದುಕೊಳ್ಳುತ್ತಾರೆ. ಆ ಹದಿನೇಳು ಮೀನು ಹೋದದ್ದು ಫಿಶ್‌ಮೀಲ್‌ಗೆ. ಯಜಮಾನರು ಮತ್ತೆ ಟ್ರಾಲ್‌ಗೆ ಮರಳಿದರು.

ಈ ಐಸಿನ ತೊಂದರೆಯನ್ನು ಐಸ್ ಇಲ್ಲದೆಯೇ ಗೆದ್ದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಲಕ್ಷದ್ವೀಪದ ಮಿನಿಕಾಯ್‌ನವರು. ಮಾಲ್ಡೀವ್ಸ್‌ನವರ ಹಾಗೆಯೇ ಅವರದ್ದು ಕೋಲು ಗಾಳದ ಮೀನುಗಾರಿಕೆ. ಹವಳದ ಒಳಕೊಳದಲ್ಲಿ ಬೆರಳುದ್ದದ ಮೀನು ಹಿಡಿದು ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಸ್ಕಿಪ್‌ಜಾಕ್ ಹಿಂಡು ಕಂಡ ಕೂಡಲೇ ಆ ಸಣ್ಣ ಮೀನು ಎರಚುತ್ತಾರೆ, ಮೇಲಿಂದ ನೀರು ಚಿಮುಕಿಸುತ್ತಾರೆ. ಹಸಿದ ಹಿಂಡು ಹುಚ್ಚೆದ್ದು ಮೇಲೆ ಬಂದಾಗ ಮುಳ್ಳಿಲ್ಲದ ಗಾಳದ ಕೋಲು ಬೀಸಿ ಒಂದೊಂದಾಗಿ ಹಿಂದಕ್ಕೆ ಎಸೆಯುತ್ತಾರೆ. ಗಾಳಕ್ಕೆ ಮುಳ್ಳಿಲ್ಲದ ಕಾರಣ ಮೀನು ತಾನೇ ಕಳಚಿ ಬೀಳುತ್ತದೆ, ಕೈ ಹಾಕಿ ಬಿಡಿಸುವ ಕೆಲಸ ಇಲ್ಲ. ತಂದ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದರೆ ಅದೇ ಮಾಸ್. ತಿಂಗಳುಗಟ್ಟಲೆ ಕೆಡುವುದಿಲ್ಲ. 1960ರ ದಶಕದಲ್ಲಿ ಈ ವಿದ್ಯೆ ಮಿನಿಕಾಯ್‌ನಿಂದ ಉಳಿದ ದ್ವೀಪಗಳಿಗೂ ಹರಡಿತು. ಆಮೆ ಇಲ್ಲ, ತಾಟೆ ಇಲ್ಲ, ಬೇಡದ ಮೀನು ಇಲ್ಲವೇ ಇಲ್ಲ ಎನ್ನುವಷ್ಟು. ಟ್ಯೂನಾ ಮೀನುಗಾರಿಕೆಯಲ್ಲಿ ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಇನ್ನೊಂದಿಲ್ಲ. ಆದರೆ ಹವಳದ ಕೊಳ ಇಲ್ಲದ ಗಂಗೊಳ್ಳಿಯಲ್ಲಿ ಇದನ್ನು ಮಾಡಲು ಬರುವುದಿಲ್ಲ, ಏನು ಮಾಡುವುದು.

ಇಷ್ಟು ವರ್ಷ ಯಾಕೆ ಹಿಡಿಯಲಿಲ್ಲ ಎಂದು ಕೇಳಿದ್ದೀರಿ. ಯಾರೂ ಹಿಡಿಯಲಿಲ್ಲ ಎನ್ನುವುದು ಸರಿಯಲ್ಲ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಕಡೆಯ ಮೀನುಗಾರರು ದಶಕಗಳಿಂದ ಸಣ್ಣ ಬೋಟುಗಳಲ್ಲಿ ಇಡೀ ಅರಬ್ಬಿ ಸಮುದ್ರ ಸುತ್ತಿ ತಾಟೆ, ಟ್ಯೂನಾ ಹಿಡಿಯುತ್ತಿದ್ದಾರೆ. ವಾರಗಟ್ಟಲೆ ಹೊರಗೇ ಇರುತ್ತಾರೆ, ಹೆಚ್ಚಾಗಿ ಕೊಚ್ಚಿಯಲ್ಲಿ ಇಳಿಸುತ್ತಾರೆ. ವಿಶಾಖಪಟ್ಟಣದ ಕಡೆ ಸಾದಾ ಮೋಟಾರ್ ದೋಣಿಯವರೇ ಕೈಗಾಳದಲ್ಲಿ ಯೆಲ್ಲೋಫಿನ್ ಹಿಡಿಯುತ್ತಾರೆ. ನಮ್ಮ ಕರಾವಳಿಯವರು ಹೋಗದ್ದಕ್ಕೆ ಕಾರಣ ಸರಳ: ಮೊದಲು ಸಿಗಡಿ, ಆಮೇಲೆ ಬೊಂಡಾಸ್, ಮದ್ಮಲ್, ಪಾಂಬೋಲ್. ಹತ್ತಿರದಲ್ಲೇ ಹಣ ಇತ್ತು. ಈಗ ಅದು ತೆಳ್ಳಗಾಗಿದೆ, ಅದಕ್ಕೇ ಎಲ್ಲರ ಕಣ್ಣು ದೂರಕ್ಕೆ ಹೋಗಿದೆ.

ಸರ್ಕಾರದ ಕಡೆಯಿಂದ ಆದದ್ದೂ ಅಷ್ಟೇನೂ ಹೆಮ್ಮೆಯ ಕಥೆಯಲ್ಲ. 1981ರಲ್ಲಿ ವಿದೇಶಿ ಹಡಗುಗಳನ್ನು ಬಾಡಿಗೆಗೆ ತರುವ ನೀತಿ ಬಂತು. 1991ರಲ್ಲಿ ಪಾಲುದಾರಿಕೆಯ ಹೆಸರಿನಲ್ಲಿ ಬಾಗಿಲು ಇನ್ನಷ್ಟು ತೆರೆಯಿತು. ದೇಶದ ಕರಾವಳಿಯುದ್ದಕ್ಕೂ ಮೀನುಗಾರರು ಬೀದಿಗಿಳಿದರು. 1995ರಲ್ಲಿ ಮುರಾರಿ ಸಮಿತಿ ಕೂತಿತು, ಮರುವರ್ಷ ವರದಿ ಕೊಟ್ಟಿತು, ಆ ಪರವಾನಗಿಗಳನ್ನು ರದ್ದು ಮಾಡಿ ಎಂದಿತು. 2002ರ ಹೊತ್ತಿಗೆ ಇನ್ನೊಂದು ವ್ಯವಸ್ಥೆ ಬಂತು: ಭಾರತದ ಕಂಪನಿಯ ಹೆಸರು, ಹಡಗು ಮಾತ್ರ ಹೊರಗಿನದು. ಅದನ್ನು 2017ರಲ್ಲಿ ನಿಲ್ಲಿಸಿದರು. ನನ್ನ ತಕರಾರು ಹೊರಗಿನವರು ಬಂದರು ಎಂಬುದಕ್ಕಿಂತ ಬೇರೆ. ಇಷ್ಟು ವರ್ಷ ಆ ಹಡಗುಗಳು ಓಡಾಡಿದರೂ ನಮ್ಮ ಹುಡುಗರ ಕೈಗೆ ವಿದ್ಯೆ ಬರಲಿಲ್ಲ, ನಮ್ಮ ಪುಸ್ತಕಕ್ಕೆ ಸರಿಯಾದ ಲೆಕ್ಕ ಬರಲಿಲ್ಲ.

2017ರಲ್ಲೇ ತಮಿಳುನಾಡು, ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯ ಟ್ರಾಲ್ ಬೋಟುಗಳನ್ನು ಬಿಡಿಸಿ ಟ್ಯೂನಾ ಬೋಟು ಕೊಡುವ ಯೋಜನೆ ಶುರುವಾಯಿತು. ಒಂದು ಬೋಟಿಗೆ 80 ಲಕ್ಷ. ಅರ್ಧ ಕೇಂದ್ರದ್ದು, ಶೇ 20 ರಾಜ್ಯದ್ದು, ಶೇ 10 ಮೀನುಗಾರನದ್ದು, ಉಳಿದ ಶೇ 20 ಬ್ಯಾಂಕ್ ಸಾಲ. ಗುರಿ 2,000 ಬೋಟು. ಅದರ ಹತ್ತಿರಕ್ಕೂ ಬರಲಿಲ್ಲ. ಯಾಕೆ? ರಾಮೇಶ್ವರದ ಟ್ರಾಲ್‌ನವರು ಒಂದು ದಿನದಲ್ಲಿ ಹೋಗಿ ಬರುವವರು. ಅವರಿಗೆ ಹತ್ತಿಪ್ಪತ್ತು ದಿನ ನೀಲಿ ನೀರಿನಲ್ಲಿ ಇರುವುದೇ ಬೇರೆ ಬದುಕು. ಬೋಟು ಕೊಟ್ಟ ಮಾತ್ರಕ್ಕೆ ಅದು ಬರುವುದಿಲ್ಲ. ಈ ವಿಷಯದಲ್ಲಿ ನೀವು ಅವರಿಗಿಂತ ಮುಂದೆ ಇದ್ದೀರಿ. ನಿಮ್ಮ ಬೋಟಿನವರಿಗೆ ಹತ್ತು ದಿನದ ಟ್ರಿಪ್ ಹೊಸದಲ್ಲ.

ಇನ್ನು ಎಷ್ಟು ಹಿಡಿಯಬಹುದು ಎಂದು ಹೇಳುವವರು ಯಾರು. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಕಾನೂನು, ನಮ್ಮದು 1986ರದ್ದು. ಅದರಾಚೆ 200ರವರೆಗೆ ಕೇಂದ್ರ. ಅಲ್ಲಿಗೆ 2025ರ ನವೆಂಬರಿನಲ್ಲಿ ಹೊಸ ನಿಯಮ ಬಂದಿದೆ. ಯಾಂತ್ರೀಕೃತ ಬೋಟುಗಳು ಆನ್‌ಲೈನಿನಲ್ಲಿ ಆಕ್ಸೆಸ್ ಪಾಸ್ ಪಡೆಯಬೇಕು, ಅದಕ್ಕೆ ಶುಲ್ಕ ಇಲ್ಲ. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಇದು ಬೇಡ. ಲೈಟ್ ಹಾಕಿ ಹಿಡಿಯುವುದು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ನಿಷೇಧ. ಸಹಕಾರ ಸಂಘಗಳಿಗೆ, ಮೀನುಗಾರರ ಉತ್ಪಾದಕ ಸಂಸ್ಥೆಗಳಿಗೆ ಆದ್ಯತೆ. ಜೊತೆಗೆ ಒಂದು ತಾಯಿ ಹಡಗು, ಸುತ್ತ ಸಣ್ಣ ಬೋಟುಗಳು ಎಂಬ ಕಲ್ಪನೆ ಇದೆ. ಸಣ್ಣ ಬೋಟು ಹಿಡಿದ ಮೀನನ್ನು ಸಮುದ್ರದಲ್ಲೇ ತಾಯಿ ಹಡಗಿಗೆ ದಾಟಿಸುವುದು. ಮೇಲೆ ಹೇಳಿದ ಐಸಿನ ಲೆಕ್ಕ ನೆನಪಿದ್ದರೆ ಇದು ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ.

ಆದರೆ ಟ್ಯೂನಾಗೆ ನಮ್ಮ 200 ಮೈಲಿಯ ಗೆರೆ ಗೊತ್ತಿಲ್ಲ. 2005ರಿಂದ 2007ರವರೆಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಟ್ಯೂನಾಗಳಿಗೆ ಪ್ಲಾಸ್ಟಿಕ್ ಚೀಟಿ ಸಿಕ್ಕಿಸಿ ಬಿಟ್ಟರು. ಆಫ್ರಿಕಾದ ತೀರದಲ್ಲಿ ಬಿಟ್ಟ ಮೀನು ಎಷ್ಟೋ ದೂರದಲ್ಲಿ ಬೇರೆ ದೇಶದ ಹಡಗಿಗೆ ಸಿಕ್ಕಿತು. ಹಾಗಾಗಿ ಹಿಂದೂ ಮಹಾಸಾಗರದ ಯೆಲ್ಲೋಫಿನ್ ಎಲ್ಲವನ್ನೂ ಒಂದೇ ಕುಟುಂಬ ಎಂದು ಲೆಕ್ಕ ಹಾಕುತ್ತಾರೆ. ನೀವು ಹಿಡಿಯುವ ಮೀನೇ ಶ್ರೀಲಂಕಾದವರದ್ದು, ಇರಾನಿನವರದ್ದು, ಓಮಾನಿನವರದ್ದು, ಸ್ಪೇನ್‌ನ ಪರ್ಸೀನ್ ಹಡಗಿನವರದ್ದೂ ಹೌದು. 'ನಮ್ಮ 2 ಲಕ್ಷ ಟನ್ ಸುಮ್ನೆ ಬಿದ್ದಿದೆ' ಎಂಬ ಮಾತು ಇಲ್ಲಿಗೆ ಬಂದಾಗ ಅಲುಗಾಡುತ್ತದೆ. ನೀವು ಹಿಡಿಯದ ಮೀನು ಹಾಗೇ ಉಳಿಯುವುದಿಲ್ಲ, ಮುಂದಿನ ತಿಂಗಳು ಇನ್ನೊಬ್ಬರ ಬಲೆಯಲ್ಲಿ ಇರುತ್ತದೆ.

ಈ ಹಂಚಿಕೆ ನೋಡಿಕೊಳ್ಳುವುದು ಹಿಂದೂ ಮಹಾಸಾಗರ ಟ್ಯೂನಾ ಆಯೋಗ. 1996ರಲ್ಲಿ ಜಾರಿಗೆ ಬಂತು, ಕಚೇರಿ ಸೇಶೆಲ್ಸ್‌ನಲ್ಲಿ, ಭಾರತ ಸದಸ್ಯ. ಯೆಲ್ಲೋಫಿನ್ ಅನ್ನು ಅತಿಯಾಗಿ ಹಿಡಿಯಲಾಗಿದೆ ಎಂದು 2015ರಲ್ಲಿ ಅದರ ವಿಜ್ಞಾನಿಗಳು ಹೇಳಿದರು. ಮರುವರ್ಷ ಕಡಿತದ ತೀರ್ಮಾನ ಬಂತು. ಜಾಸ್ತಿ ಹಿಡಿಯುತ್ತಿದ್ದ ದೇಶಗಳ ಪರ್ಸೀನ್ ಹಡಗುಗಳು 2014ರ ಮಟ್ಟಕ್ಕಿಂತ ಶೇ 15 ಕಡಿಮೆ ಮಾಡಬೇಕು ಎಂದು. ಮುಂದೆ ಅದನ್ನು ಬಿಗಿ ಮಾಡಿದಾಗ ಭಾರತ ಸೇರಿ ಕೆಲವು ದೇಶಗಳು ಆಕ್ಷೇಪ ಹಾಕಿದವು. ಅಲ್ಲಿನ ನಿಯಮ ಹೀಗಿದೆ: ಆಕ್ಷೇಪ ಹಾಕಿದ ದೇಶಕ್ಕೆ ಆ ತೀರ್ಮಾನ ಅಂಟುವುದಿಲ್ಲ. ಊರ ಪಂಚಾಯಿತಿಯಲ್ಲಿ ದಂಡ ಹಾಕಿದಾಗ 'ನನಗೆ ಒಪ್ಪಿಗೆಯಿಲ್ಲ' ಎಂದು ಎದ್ದು ಹೋದ ಹಾಗೆ. ನಮ್ಮ ವಾದದಲ್ಲಿ ನ್ಯಾಯ ಇಲ್ಲದಿಲ್ಲ. ಸಾಗರ ಬರಿದು ಮಾಡಿದವರು ದೊಡ್ಡ ಹಡಗಿನವರು, ಕರಾವಳಿ ದೇಶಗಳ ಸಣ್ಣ ಮೀನುಗಾರನಿಗೆ ಬೆಳೆಯಲು ಜಾಗ ಬೇಕು ಎಂಬುದು ವಾದ. ತೇಲುವ ತೆಪ್ಪದಂಥ ಸಾಧನ ಬಿಟ್ಟು ಅದರ ಕೆಳಗೆ ಸೇರುವ ಮರಿ ಟ್ಯೂನಾಗಳನ್ನೂ ಬಾಚುವ ಪದ್ಧತಿಗೆ ವರ್ಷಕ್ಕೆ 72 ದಿನ ತಡೆ ಹಾಕಬೇಕು ಎಂದು 2023ರಲ್ಲಿ ಮೊಂಬಾಸಾದ ಸಭೆಯಲ್ಲಿ ಕರಾವಳಿ ದೇಶಗಳು ಮತಕ್ಕೆ ಹಾಕಿ ಗೆದ್ದವು ಕೂಡ. ಐರೋಪ್ಯ ಒಕ್ಕೂಟ ಮತ್ತಿತರರು ಆಕ್ಷೇಪ ಹಾಕಿದರು, ಅದು ನಿಂತುಹೋಯಿತು. ಆಕ್ಷೇಪದ ಕತ್ತಿಗೆ ಎರಡೂ ಕಡೆ ಅಲಗು ಇದೆ.

2024ರ ಕೊನೆಗೆ ಹೊಸ ಲೆಕ್ಕ ಬಂತು. ಯೆಲ್ಲೋಫಿನ್ ಈಗ ಅತಿಬಳಕೆಯ ಸ್ಥಿತಿಯಲ್ಲಿಲ್ಲ ಎಂದಿತು. ಒಳ್ಳೇ ಸುದ್ದಿ. ಆದರೆ ಒಂದು ಸೂಕ್ಷ್ಮ ಇದೆ. ಉತ್ತರ ಬದಲಾಗಲು ದೊಡ್ಡ ಕಾರಣ ಲಾಂಗ್‌ಲೈನ್ ಹಡಗುಗಳ ಹಳೆಯ ಗಾಳದ ಲೆಕ್ಕವನ್ನು ಹೊಸ ರೀತಿಯಲ್ಲಿ ಓದಿದ್ದು. ಅಂದರೆ ಇಡೀ ಸಾಗರದ ತೀರ್ಮಾನವೂ ಕೊನೆಗೆ ನಿಂತಿರುವುದು ನೂರು ಗಾಳಕ್ಕೆ ಎಷ್ಟು ಮೀನು ಎಂಬುದರ ಮೇಲೆಯೇ. ಪುಸ್ತಕ ಸರಿಯಾಗಿ ಬರೆದವರ ಮಾತು ಅಲ್ಲಿ ನಡೆಯುತ್ತದೆ. ನಮ್ಮ ಸಣ್ಣ ಬೋಟುಗಳ ಲೆಕ್ಕ ಅಲ್ಲಿಗೆ ತಲುಪುವುದು ಕಡಿಮೆ. ನಾಳೆ ದೇಶವಾರು ಪಾಲು ಹಂಚುವಾಗ 'ನಮ್ಮವರು ಹಿಡಿಯುತ್ತಿದ್ದರು' ಎಂದರೆ ಸಾಲದು, ಎಲ್ಲಿ, ಯಾವಾಗ, ಎಷ್ಟು ಎಂದು ತೋರಿಸಬೇಕು.

ಈಗ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ನಾನು ಅರ್ಧ ನಿಮ್ಮ ಅಪ್ಪನ ಕಡೆ. ಈ ವರ್ಷವೇ ಬೋಟು ಕಳಚಿ ಟ್ಯೂನಾ ಬೋಟು ಮಾಡಬೇಡಿ, ಅದರಲ್ಲೂ ಸಾಲ ಇರುವಾಗ. ಟ್ರಾಲ್ ಎಳೆಯಲು ಹಾಕಿದ ದೊಡ್ಡ ಎಂಜಿನ್ ಟ್ಯೂನಾಗೆ ಬೇಕಾಗಿಯೇ ಇಲ್ಲ, ಅದರ ಡೀಸೆಲ್ ಹಸಿವು ಮಾತ್ರ ಉಳಿಯುತ್ತದೆ. ಬದಲಿಗೆ ಕೈಯಲ್ಲಿ ಎಳೆಯಬಹುದಾದಷ್ಟು ಸಣ್ಣ ಲೈನ್, ಇನ್ನೂರು ಗಾಳದ್ದು, ಮಾಡಿಸಿ. ಮಳೆಗಾಲದ 61 ದಿನದ ನಿಷೇಧ ಮುಗಿದು ಸಮುದ್ರ ಶಾಂತವಾದ ಮೇಲೆ, ಆಳದ ಅಂಚಿನಾಚೆ ಹೇಗೂ ಹೋಗುವ ಟ್ರಿಪ್‌ಗಳಲ್ಲಿ ಒಂದೆರಡು ದಿನ ಅದನ್ನು ಬಿಟ್ಟು ನೋಡಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೋಡಿ ಮೀನು ಸಿಗಬಹುದಾದ ಜಾಗದ ಸೂಚನೆ ಕೊಡುತ್ತದೆ, ಟ್ಯೂನಾಗೂ ಬೇರೆಯಾಗಿ ಕೊಡುತ್ತದೆ. ಅದನ್ನು ನೋಡಿಕೊಳ್ಳಿ, ಪೂರ್ತಿ ನಂಬಬೇಡಿ. ಬೋಟಿನಲ್ಲಿ ಒಂದು ದಪ್ಪ ಇನ್ಸುಲೇಟೆಡ್ ಪೆಟ್ಟಿಗೆ ಟ್ಯೂನಾಗೆಂದೇ ಇರಲಿ. ತೂತ್ತೂರಿನ ಒಬ್ಬ ಹಳೇ ತಾಂಡೇಲನನ್ನು ಎರಡು ಟ್ರಿಪ್‌ಗೆ ಸಂಬಳ ಕೊಟ್ಟು ಕರೆದುಕೊಂಡು ಹೋದರೆ ಒಂದು ವರ್ಷದ ತರಬೇತಿ ಸಿಕ್ಕಿದ ಹಾಗೆ. ಉದ್ದ ಬಾಲದ ತಾಟೆ ಬಂದರೆ ಬಿಟ್ಟುಬಿಡಿ, ಅದನ್ನು ಬೋಟಿನಲ್ಲಿ ಇಟ್ಟುಕೊಳ್ಳುವುದನ್ನು ಆಯೋಗ ನಿಷೇಧಿಸಿದೆ. ಗಾಳ ದುಂಡನೆಯದ್ದು ಕೊಳ್ಳಿ, ಆಮೆ ನುಂಗುವುದು ಕಡಿಮೆ.

ಟ್ರಾನ್ಸ್‌ಪಾಂಡರ್ (ಬೋಟಿನ ಜಾಗ ತಿಳಿಸುವ ಉಪಕರಣ) ಇಲ್ಲದೆ ಮಾತ್ರ ಅಲ್ಲಿಗೆ ಹೋಗಬೇಡಿ. 2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ದೂರದಲ್ಲಿದ್ದ ಬೋಟುಗಳಿಗೆ ಸುದ್ದಿ ಮುಟ್ಟಲೇ ಇಲ್ಲ. ಕನ್ಯಾಕುಮಾರಿ, ಕೇರಳದ ಎಷ್ಟೋ ಮನೆಗಳ ಗಂಡಸರು ವಾಪಸ್ ಬರಲಿಲ್ಲ. ಈಗ ಎರಡೂ ಕಡೆ ಸಂದೇಶ ಕಳಿಸಬಹುದಾದ ಉಪಕರಣವನ್ನು ಸರ್ಕಾರವೇ ಉಚಿತವಾಗಿ ಹಾಕಿಸಿಕೊಡುತ್ತಿದೆ. ಹಾಕಿಸಿಕೊಂಡು ಸ್ವಿಚ್ ಆಫ್ ಮಾಡಿ ಇಡುವವರನ್ನೂ ನೋಡಿದ್ದೇನೆ. ನಮ್ಮ ಜಾಗ ಬೇರೆಯವರಿಗೆ ಗೊತ್ತಾಗುತ್ತದೆ ಎಂಬ ಭಯವಂತೆ.

ಒಂದು ನೂರು ಹಾಳೆಯ ಪುಸ್ತಕ ತೆಗೆದುಕೊಳ್ಳಿ. ದಿನಾಂಕ, ಜಿಪಿಎಸ್ ಜಾಗ, ಎಷ್ಟು ಗಾಳ, ಏನು ಚುಚ್ಚಿದ್ದು, ಎಷ್ಟು ಗಂಟೆಗೆ ಬಿಟ್ಟದ್ದು, ಎಷ್ಟು ಗಂಟೆಗೆ ಎಳೆದದ್ದು, ಯಾವ ಮೀನು, ಎಷ್ಟು ಉದ್ದ. ಒಂದು ಸೀಸನ್ ಮುಗಿದ ಮೇಲೆ ಹಾಳೆಗಳ ಫೋಟೊ ತೆಗೆದು ಕಳಿಸಿ, ಕೂತು ಲೆಕ್ಕ ಹಾಕೋಣ. ನೂರಕ್ಕೆ ಒಂದೂವರೆ ಮೀನು ದಾಟಿದರೆ ನಾನೇ ನಿಮ್ಮ ಅಪ್ಪನ ಹತ್ತಿರ ಮಾತಾಡುತ್ತೇನೆ. ಏನೂ ಸಿಗದ ದಿನದ ಹಾಳೆಗಳನ್ನೂ ಬಿಡದೆ ಕಳಿಸಿ.